ಮನೆಗೊಬ್ಬ ಆಳು

ಎಂಟಾದರೂ ಸಂದೀಪ ಏಳಲಿಲ್ಲ. ಆ ದಿನದ ರಗಳೆಗೆಲ್ಲ ಇದೇ ಮೂಲ.

ಅವನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಂಕೋಲೆಯಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಜೋತುಕೊಂಡು ಹೋಗಿ, ಕಚೇರಿಯಲ್ಲಿ ಎಲ್ಲರಿಂದ ಬೈಸಿಕೊಂಡು ಬರುವ ಗುಮಾಸ್ತ ದೇವಾನಂದನಿಗೆ ಮನೆಯಲ್ಲಾದರೂ ಒಬ್ಬನನ್ನು ಬೈಯಬೇಕಲ್ಲ. ಮಗನ ಹೊದಿಕೆ ಎಳೆದ.

"ಏಳೋ ಏಳೋ. ಸಂಜೆ ಕಟ್ಟೆಗೆ ಮಣ್ಣು ಹಾಕೂಕೆ ಮನೆಗೊಬ್ಬ ಆಳು ಹೋಗ್ಬೇಕು. ಈ ಸಲ ನೀನೇ ಹೋಗು."

"ಸಂಜೆ ಆಗೂದಿಲ್ಲ ಅಪ್ಪಾ. ಬೇರೆ ಕೆಲಸ ಅದೆ," ಎಂದು ಸಂದೀಪ ಗೋಡೆಯ ಕಡೆ ತಿರುಗಿದ.

ಹೊಳೆಯ ಉಪ್ಪುನೀರು ಊರ ಗದ್ದೆಗೆ ನುಗ್ಗದ ಹಾಗೆ ತಡೆಯುವ ಮಣ್ಣಿನ ಕಟ್ಟೆ ಅದು. ಅಮಾವಾಸ್ಯೆಯ ಉಬ್ಬರ ಬರುವುದರೊಳಗೆ ಒಡೆದ ಜಾಗ ಮುಚ್ಚದಿದ್ದರೆ ಆ ವರ್ಷದ ಭತ್ತ ಹೋದಂತೆಯೇ. ಮನೆಗೊಬ್ಬರು ಬಂದು ದುಡಿಯಬೇಕೆಂಬುದು ಅಜ್ಜನ ಕಾಲದ ಕಟ್ಟಳೆ. ದೇವಾನಂದನ ಮನೆಯಿಂದ ಮಾತ್ರ ಪ್ರತಿ ವರ್ಷ ಹೋಗುತ್ತಿದ್ದುದು ಕೂಲಿಯಾಳು. ಈ ವರ್ಷ ಆ ಕೂಲಿಯವನೂ ಕೆಲಸ ಹುಡುಕಿಕೊಂಡು ಗೋವೆಗೆ ಹೋಗಿಬಿಟ್ಟಿದ್ದ.

ಈ ಜಗಳದಲ್ಲಿ ಬಸ್ಸು ತಪ್ಪಿತು. ದೇವಾನಂದ ಹಲ್ಲು ಕಡಿಯುತ್ತ ಮಾದನ ಚಾ ಅಂಗಡಿಯಲ್ಲಿ ಕೂತ. ಟೀವಿಯಲ್ಲಿ ನಾಲ್ಕು ಜನ ಬೆಳಬೆಳಗ್ಗೆ ಒದರಾಡುತ್ತಿದ್ದರು. ಯಾವುದೋ ದೇಶದಲ್ಲಿ ನಿಂತುಹೋಗಿದ್ದ ಕಡ್ಡಾಯ ಸೈನಿಕ ಸೇವೆ ಮತ್ತೆ ಶುರುವಾಗುತ್ತದಂತೆ, ನಮ್ಮಲ್ಲೂ ಹಾಗೆ ಮಾಡಬೇಕೋ ಬೇಡವೋ ಎಂದು. ಒಬ್ಬನ ಮಾತು ಇನ್ನೊಬ್ಬನಿಗೆ ಕೇಳುತ್ತಿರಲಿಲ್ಲ. ಕೇಳುವ ದರ್ದು ಅವರಿಗೂ ಇರಲಿಲ್ಲ ಅನ್ನಿ.

"ಮಾಡ್ಬೇಕು," ಎಂದು ದೇವಾನಂದ ಬೆಂಚು ಗುದ್ದಿದ. "ಮನೆಗೊಬ್ಬನ್ನ ಮಿಲ್ಟ್ರಿಗೆ ಹಾಕ್ಬೇಕು. ಬರೂದಿಲ್ಲ ಅಂದವನ ಕಾಲು ಹಿಡ್ದು ಎಳ್ಕೊಂಡು ಹೋಗ್ಬೇಕು. ತನ್ನ ಬದಲಿಗೆ ಇನ್ನೊಬ್ಬನ್ನ ಕಳ್ಸಿ ಜಾರ್ಕೊಳ್ಳೂವವನಿಗೆ ಡಬಲ್ ಡ್ಯೂಟಿ ಕೊಡ್ಬೇಕು. ನಮ್ಮನೆ ಸೋಂಬೇರಿಯಿಂದ್ಲೇ ಶುರು ಮಾಡ್ಲಿ."

ಮೂಲೆಯಲ್ಲಿದ್ದ ನಿವೃತ್ತ ಹವಾಲ್ದಾರ ಜಟ್ಟು ಚಾದ ಗ್ಲಾಸು ಕುಕ್ಕಿದ. "ನಿನ್ನ ಮಗನ್ನ ಎಬ್ಬಿಸೂಕೆ ದೇಶಕ್ಕೆ ಸೈನ್ಯ ಬೇಕೇನೋ ದೇವಾನಂದಾ? ಹಿಮದಲ್ಲಿ ನನ್ನ ಪಕ್ಕ ನಿಲ್ಲೂವವ ತಾನಾಗಿ ಬಂದವ ಆಗಿರ್ಬೇಕು. ಎಳ್ಕೊಂಡು ಬಂದವನಿಗೆ ಬೆನ್ನು ಕೊಟ್ಟು ನಾ ಹ್ಯಾಂಗೆ ನಿಂತ್ಕೊಳ್ಳಲಿ?"

"ಜಟ್ಟಣ್ಣಾ, ನಮ್ಮನೆ ಸೋಂಬೇರಿ ಎಂಥವ ಅಂತ ನಿಮ್ಗೆ ಗೊತ್ತಿಲ್ಲ."

"ಯಾರ ಮಗ ಎಂಥವ ಅಂತ ನೀ ನಂಗೆ ಕಲಿಸ್ಬೇಡ," ಎಂದು ಜಟ್ಟು ಎದ್ದು ನಡೆದ.

ಪಂಚಾಯ್ತಿ ಮೆಂಬರ ದತ್ತಾ ಇದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತಿದ್ದ. ಅವನ ಕೈಗೆ ಫೋನು ಬಂದ ಮೇಲೆ ಊರಿಗೆ ಬೇರೆ ಡಂಗುರ ಬೇಕಾಗಿಲ್ಲ. ದೇವಾನಂದನ ಬಸ್ಸು ಕಾರವಾರ ಮುಟ್ಟುವುದರೊಳಗೆ ವಿಡಿಯೋ ಮುಟ್ಟಿತ್ತು.

ಕಚೇರಿಯಲ್ಲಿ ಪಕ್ಕದ ಟೇಬಲ್ಲಿನ ಭವ್ಯಾ ಆಗಲೇ ಅದನ್ನು ನೋಡಿದ್ದಳು, ತಲೆ ಎತ್ತದೆಯೇ ಕೇಳಿದಳು. "ಸರ್, ನಮ್ಮಪ್ಪನ ಮನೆ, ಗದ್ದೆ, ತೆಂಗಿನ ಮರ ಎಲ್ಲ ನೌಕಾನೆಲೆಗೆ ಹೋಯ್ತು. ದೇಶಕ್ಕೆ ಬೇಕು ಅಂದ್ರು. ಮನಸ್ಸಿದ್ಯೋ ಇಲ್ವೋ ಅಂತ ನಮ್ಮನ್ನ ಯಾರೂ ಕೇಳ್ಲಿಲ್ಲ. ಇನ್ನು ನನ್ನ ತಮ್ಮನ್ನೂ ಕೇಳ್ದೇ ಒಯ್ಬೇಕಾ?"

ಅವಳು ಆ ದಿನವಿಡೀ ಅವನ ಒಂದು ಫೈಲನ್ನೂ ಮುಟ್ಟಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಹೆಂಡತಿ ಗಂಗೂ ಫೋನು ಮಾಡಿದಳು. ಅಷ್ಟರಲ್ಲಿ ಸುದ್ದಿಗೆ ಕೈಕಾಲು ಬಂದಿತ್ತು. ಕಾನೂನು ಆಗಿಯೇ ಹೋಯಿತಂತೆ, ದೇವಾನಂದ ಕಾರವಾರಕ್ಕೆ ಹೋಗಿ ಕೇರಿಯ ಹುಡುಗರ ಹೆಸರನ್ನೆಲ್ಲ ಕೊಟ್ಟು ಬಂದನಂತೆ.

"ಕೇರಿ ಹೆಂಗಸ್ರೆಲ್ಲ ಅಂಗಳದಲ್ಲಿ ನಿಂತು ನನ್ನ ಹರ್ಕೊಂಡು ತಿಂತಿದ್ರು," ಎಂದು ಗಂಗೂ ಹಲುಬಿದಳು. ಆಮೇಲೆ ದನಿ ಗಡುಸಾಯಿತು. "ಅದು ಸಾಯ್ಲಿ. ಊರೆದುರು ಮಗನ್ನ ಸೋಂಬೇರಿ ಅಂದ್ರಲ್ಲ, ಅವನ ಬಗ್ಗೆ ನಿಮ್ಗೆ ಎಂಥಾ ಗೊತ್ತದೆ? ಒಂದಿನ ಪಕ್ಕ ಕೂತು ಮಾತಾಡ್ಸಿದ್ರಾ?"

ಫೋನು ಇಟ್ಟೇಬಿಟ್ಟಳು. ದೇವಾನಂದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟ.

ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನಿಗೆ ಒಂದು ಯೋಚನೆ ಹೊಕ್ಕಿತು. ಕಾನೂನು ನಿಜವಾಗಿ ಬಂದರೆ? ಪಟಾಕಿ ಸದ್ದಿಗೆ ಹೆದರಿ ತನ್ನ ಪಂಚೆಯೊಳಗೆ ಮುಖ ಹುದುಗಿಸುತ್ತಿದ್ದ ಪೋರ ಅದು. ಅವನನ್ನು ಯಾರೋ ಕಾಲು ಹಿಡಿದು ಎಳೆದುಕೊಂಡು ಹೋದರೆ? ಬೆಳಗಿನಿಂದ ಮಗನ ಮೇಲಿದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೇ ಬಂತು. ತನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತು.

ಇಳಿದವನು ನೆಟ್ಟಗೆ ಕಟ್ಟೆಯ ಹತ್ತಿರ ಹೋದ. ಗುದ್ದಲಿ, ಬುಟ್ಟಿ ಹಿಡಿದು ಊರೇ ಸೇರಿತ್ತು. ಹೆಂಗಸರ ಕಣ್ಣುಗಳು ಅವನನ್ನು ಸುಡುತ್ತಿದ್ದವು. ದೇವಾನಂದ ಕಟ್ಟೆ ಏರಿ ನಿಂತ.

"ಬೆಳಗ್ಗೆ ನಾ ಹೇಳಿದ್ದು ತಪ್ಪು. ಯಾರನ್ನೂ ಬಲವಂತ ಮಾಡ್ಬಾರ್ದು. ನನ್ನ ಮಗನ್ನಂತೂ ಯಾರೂ ಮುಟ್ಟೂಕೆ ಬಿಡೂದಿಲ್ಲ. ತಾನಾಗಿ ಬಂದ್ರೆ ಬರ್ಲಿ, ಇಲ್ಲಾಂದ್ರೆ ಬಿಡ್ಲಿ. ಮಿಲ್ಟ್ರಿ ಆದ್ರೂ ಅಷ್ಟೇ, ಕಟ್ಟೆ ಆದ್ರೂ ಅಷ್ಟೇ."

ಕಟ್ಟೆಯ ಮಾತನ್ನು ಕೊನೆಗೆ ತನ್ನ ಅನುಕೂಲಕ್ಕೆಂದು ಸೇರಿಸಿದ್ದ. ದತ್ತಾ ಅದನ್ನೂ ಫೋನಿನಲ್ಲಿ ಹಿಡಿದ.

"ಈಗ ಸರಿಯಾದ ಮಾತು ಆಡ್ದೆ," ಎಂದು ಜಟ್ಟು ಮುಂದೆ ಬಂದ. ಹಿಂದೆ ಸಂದೀಪ ನಿಂತಿದ್ದ. "ನಿನ್ನ ಮಗ ತಾನಾಗೇ ಹೊರಟ. ಸೈನ್ಯಕ್ಕೆ ಸೆಲೆಕ್ಷನ್ ಆಯ್ತು, ಈಗಷ್ಟೇ ಇಬ್ರೂ ಹೋಗಿ ರಿಸಲ್ಟು ನೋಡ್ಕೊಂಡು ಬಂದ್ವಿ. ವರ್ಷದಿಂದ ಬೆಳಕು ಹರಿಯೂ ಮೊದ್ಲು ನನ್ನ ಸಂಗ್ತಿ ಕಡಲ ದಂಡೆ ಮೇಲೆ ಓಡ್ತಿದ್ದ. ನೀ ಏಳೂ ಹೊತ್ತಿಗೆ ಅವ ಬೆವರು ತೊಳ್ಕೊಂಡು ಬಂದು ಮಲಗಿರ್ತಿದ್ದ."

ದೇವಾನಂದ ಮಗನ ಮುಖ ನೋಡಿದ. "ನನ್ನ ಹತ್ರ ಯಾಕೆ ಹೇಳ್ಲಿಲ್ವೋ?"

"ನಿನ್ನ ಹತ್ರ ಹೇಳಿದ್ರೆ ಮಾದನ ಅಂಗಡೀಲಿ ಹೇಳ್ದಾಂಗೇ ಅಲ್ದಾ ಅಪ್ಪಾ? ಸೆಲೆಕ್ಷನ್ ಆಗ್ದೇ ಇದ್ದಿದ್ರೆ ಊರೆಲ್ಲ ನಗ್ತಿತ್ತು. ಆಯಿಗೆ ಮಾತ್ರ ಹೇಳಿದ್ದೆ." ಮಧ್ಯಾಹ್ನ ಗಂಗೂ ಫೋನಿನಲ್ಲಿ ಗದರಿದ್ದು ಯಾಕೆಂದು ದೇವಾನಂದನಿಗೆ ಈಗ ತಿಳಿಯಿತು.

ಹೋಗಬೇಡ ಅನ್ನಲು ದೇವಾನಂದನ ನಾಲಿಗೆ ತುದಿಗೆ ಬಂತು. ಆದರೆ ತಾನಾಗಿ ಹೊರಟವನನ್ನು ಹಿಡಿದು ನಿಲ್ಲಿಸುವುದೂ ಬಲವಂತವೇ ತಾನೇ. ಅದರ ವಿರುದ್ಧ ಈಗಷ್ಟೇ ಊರೆದುರು ಭಾಷಣ ಬಿಗಿದಿದ್ದ. ಮಗನ ಭುಜ ತಟ್ಟಿದ.

ಸಂದೀಪ ಮಣ್ಣಿನ ಬುಟ್ಟಿಗೆ ಕೈ ಹಾಕಿದ. ಜಟ್ಟು ಕಸಿದುಕೊಂಡ. "ಈ ಕಾಲು ಇನ್ನು ದೇಶದ್ದು ತಮಾ. ಕೆಸರಲ್ಲಿ ಉಳುಕಿದ್ರೆ ಯಾರು ಜವಾಬ್ದಾರಿ?"

"ಹಂಗಾದ್ರೆ ಈ ಮನೆ ಆಳು ಯಾರು?" ಎಂದು ದತ್ತಾ ಕೇಳಿದ.

"ನಾ ಈಗ ಹೇಳಿದ್ನಲ್ಲ, ತಾನಾಗಿ ಬಂದ್ರೆ..."

ದತ್ತಾ ಬೆಳಗಿನ ವಿಡಿಯೋ ಹಾಕಿದ. ದೇವಾನಂದನದೇ ಸ್ವರ ಕಟ್ಟೆಯುದ್ದಕ್ಕೂ ಕೇಳಿತು: ಬದಲಿಗೆ ಇನ್ನೊಬ್ಬನನ್ನು ಕಳಿಸಿ ಜಾರಿಕೊಳ್ಳುವವನಿಗೆ ಡಬಲ್ ಡ್ಯೂಟಿ. ಇಷ್ಟು ವರ್ಷ ಕೂಲಿಯವನನ್ನು ಕಳಿಸಿದ್ದು ಯಾರಿಗೂ ಮರೆತಿರಲಿಲ್ಲ. ದೇವಾನಂದ ಆಫೀಸಿನ ಪ್ಯಾಂಟು ಮಡಚಿ ಮೊಣಕಾಲುದ್ದದ ಕೆಸರಿಗೆ ಇಳಿದ. ಕತ್ತಲಾಗುವ ತನಕ ಜಟ್ಟು ಕವಾಯತು ಮಾಡಿಸುವವನ ಹಾಗೆ ಸೀಟಿ ಊದುತ್ತಲೇ ಇದ್ದ.

ಮರುದಿನ ಎಂಟಾದರೂ ದೇವಾನಂದ ಏಳಲಿಲ್ಲ. ಸೊಂಟ ಹಾಸಿಗೆಗೆ ಕಚ್ಚಿಕೊಂಡಿತ್ತು. ಓಟ ಮುಗಿಸಿ ಬಂದ ಸಂದೀಪ ಅವನ ಹೊದಿಕೆ ಎಳೆದ.

"ಅಪ್ಪಾ, ಏಳು. ಕಟ್ಟೆ ಇನ್ನೊಂದು ಕಡೆ ಒಡ್ದದಂತೆ. ದತ್ತಣ್ಣ ಅಂಗಳದಲ್ಲಿ ನಿಂತಿದಾನೆ. ನಿನ್ನ ಡಬಲ್ ಡ್ಯೂಟಿ ಬಾಕಿ ಅದೆಯಂತೆ."

ದೇವಾನಂದ ಗೋಡೆಯ ಕಡೆ ತಿರುಗಿ ಮಲಗಿದ.

ಕಾಲು ಹಿಡಿದು ಎಳೆದವಳು ಗಂಗೂ.