ಬಳಗಾನೂರಿನಲ್ಲಿ ಪ್ಲೇಗು ಸಾರಿದ ಮೈಕಿಗೆ

ಸರ್ಕಾರಿ ಜೀಪಿನ ನೆತ್ತಿಯ ಮೇಲೆ ವಿರಾಜಮಾನರಾಗಿರುವ ಶ್ರೀಮಾನ್ ಮೈಕು ಸಾಹೇಬರಿಗೆ, ಬಳಗಾನೂರಿನ ಆದಪ್ಪನೆಂಬ ಎಪ್ಪತ್ತು ದಾಟಿದ ಮುದುಕ ಎರಡೂ ಕೈ ಜೋಡಿಸಿ ಅರಿಕೆ ಮಾಡಿಕೊಳ್ಳುವುದು.

ಮಾನ್ಯರೇ,

ಸೂರತ್ತಿನಲ್ಲಿ ಪ್ಲೇಗು ಬಿದ್ದಿದೆಯೆಂದು ರೇಡಿಯೋ ಹೇಳಿದ ವಾರದಲ್ಲೇ ತಾವು ನಮ್ಮೂರಿಗೆ ದಯಮಾಡಿಸಿ, ಜ್ವರ ಬಂದವರನ್ನು ದೂರ ಇಡಿ, ಕೆಮ್ಮುವವರ ಹತ್ತಿರ ನಿಲ್ಲಬೇಡಿ ಎಂದು ಓಣಿ ಓಣಿಯಲ್ಲಿ ಸಾರಿದಿರಿ. ದೂರ ಇಟ್ಟವರಿಗೆ ನೀರು ಕೊಡುವವರು ಯಾರೆಂದು ತಾವು ಹೇಳುವ ಮೊದಲೇ ಜೀಪು ಕಾಲುವೆ ದಾಟಿ ಹೋಗಿತ್ತು. ತಮಗೆ ಇನ್ನೆಷ್ಟೋ ಊರುಗಳಲ್ಲಿ ಕೂಗುವುದಿತ್ತು. ನಾನು ತಪ್ಪು ಹುಡುಕುತ್ತಿಲ್ಲ.

ನಾನು ಬೀಡಿ ಸೇದಿ ಸೇದಿ ಪ್ರಾಯದಿಂದಲೂ ಕೆಮ್ಮುತ್ತಲೇ ಬಂದವನು. ಮರುದಿನದಿಂದ ಹೋಟೆಲಿನಲ್ಲಿ ನಾನು ಕುಳಿತ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಈ ವಯಸ್ಸಿನಲ್ಲಿ ಇಡೀ ಬೆಂಚಿನ ಒಡೆತನ ದಯಪಾಲಿಸಿದ ತಮಗೆ ಋಣಿಯಾಗಿದ್ದೇನೆ.

ಅಷ್ಟರಲ್ಲಿ ಲಿಂಗಸುಗೂರಿನಲ್ಲಿರುವ ನನ್ನ ವಿಧವೆ ತಂಗಿ ತಿಮ್ಮವ್ವನಿಗೆ ಜ್ವರವೆಂದು ಸಂತೆಗೆ ಬಂದವರು ಹೇಳಿದರು. ಬಸ್ಸು ಹತ್ತಿದೆ. ಮಸ್ಕಿ ಇನ್ನೂ ಕಾಣದಿರುವಾಗ ಕೆಮ್ಮು ಬಂತು, ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ.

"ಇಳೀರಿ ಯಜಮಾನ್ರ. ಮೈಕಿನ್ಯಾಗ ಹೇಳ್ಯಾರ."

"ಇದು ಬೀಡಿ ಕೆಮ್ಮಪಾ," ಎಂದೆ.

"ಬೀಡಿದೋ ಪ್ಲೇಗಿಂದೋ, ನನಗ್ಹೆಂಗ ಗೊತ್ತಾಗಬೇಕ್ರಿ?"

ಬಸ್ಸಿನ ತುಂಬ ಜನರಿದ್ದರು. ಎಲ್ಲರೂ ಅತ್ಯಂತ ಶಿಸ್ತಿನಿಂದ ಕಿಟಕಿಯ ಹೊರಗೆ ನೋಡಿದರು. ಪಕ್ಕದ ಸೀಟಿನಲ್ಲಿದ್ದ ಬಳೆ ಮಾರುವ ಲಾಲ್‌ಬೀ ಮಾತ್ರ ತಮ್ಮ ಉಪದೇಶ ಮೀರಿ ಎದ್ದು ನಿಂತು, "ನಾನೂ ಇಳೀತೀನಿ. ಬುಟ್ಟಿ ಹಿಡೀರಿ ಅಣ್ಣಾ," ಎಂದಳು. ಬಿಸಿಲಲ್ಲಿ ಇಬ್ಬರೂ ಮಸ್ಕಿಯ ದಾರಿ ಹಿಡಿದೆವು. ಯಾಕೆ ಇಳಿದೆ ತಾಯಿ ಎಂದು ಕೇಳಿದ್ದಕ್ಕೆ, "ನಮ್ಮ ಮನಿಯವ್ರೂ ಹಿಂಗ ಕೆಮ್ತಿದ್ರು. ಈಗ ಮನಿ ಬಿಕೋ ಅಂತದ," ಎಂದಳು. ಮಸ್ಕಿ ಬಂದಾಗ ಬುಟ್ಟಿ ಇಸಿದುಕೊಂಡು ತನ್ನ ದಾರಿ ಹಿಡಿದಳು.

ಮಸ್ಕಿಯಿಂದ ಮುಂದೆ ಕುರಿ ತುಂಬಿದ ಲಾರಿಯಲ್ಲಿ ಹೋದೆ. ತಮ್ಮ ಭಾಷಣ ಕುರಿಗಳಿಗೆ ತಲುಪಿರಲಿಲ್ಲವಾದ್ದರಿಂದ ಅವು ಸರಿದು ಜಾಗ ಕೊಟ್ಟವು.

ತಿಮ್ಮವ್ವನ ಮನೆಯ ಕದಕ್ಕೆ ಹೊರಗಿನಿಂದ ಚಿಲಕ ಹಾಕಿತ್ತು. ಊರಲ್ಲಿಲ್ಲವೇನೋ ಎಂದುಕೊಂಡು ತಿರುಗಿದವನಿಗೆ ಒಳಗೆ ಕದ ಕೆರೆಯುವ ಸಪ್ಪಳ ಕೇಳಿತು. ಚಿಲಕ ಸರಿಸಿದೆ. ಹೊಸ್ತಿಲಿಗೆ ತಲೆಯಾನಿಸಿ ಬಿದ್ದಿದ್ದಳು. ಕೊಡ ಬರಿದಾಗಿತ್ತು.

"ನೀರು ಕೇಳಿ ಕೇಳಿ ದನಿ ಹೋತಣ್ಣಾ," ಎಂದಳು. ಅದೂ ಪೂರ್ತಿ ಕೇಳಿಸಲಿಲ್ಲ.

ಪಕ್ಕದ ಮನೆಯ ಪಂಪಮ್ಮ ಮೂಗಿಗೆ ಸೆರಗು ಹಿಡಿದು ದೂರದಿಂದಲೇ, "ಸಣ್ಣ ಹುಡುಗ್ರು ಅದಾವ್ರಿ ನಮ್ಮನ್ಯಾಗ. ಮೈಕಿನ್ಯಾಗ ಹೇಳಿದ್ದಕ್ಕ ಹಾಕೀವಿ," ಎಂದಳು. ತಿಮ್ಮವ್ವನ ಕೈಯ ಊಟ ಉಂಡು ಬೆಳೆದ ಹುಡುಗರೇ ಅವು. ನಾನು ನೀರು ತಂದೆ, ಗಂಜಿ ಕಾಯಿಸಿದೆ, ಒದ್ದೆ ಬಟ್ಟೆ ಹಾಕುತ್ತ ಕುಳಿತೆ. ಬಂದು ನೋಡಿದ ಡಾಕ್ಟರರು ಇದು ಮಲೇರಿಯಾ ಎಂದು ಗುಳಿಗೆ ಕೊಟ್ಟು ಹೋದರು. ತಿಮ್ಮವ್ವ ಉಳಿದಳು.

ಪ್ಲೇಗು ನಮ್ಮ ಸೀಮೆಗೆ ಬರಲೇ ಇಲ್ಲ. ಅದು ತಮ್ಮ ಪ್ರತಾಪವೆಂದೇ ನಂಬಿ, ಒಂದೆರಡು ಚಿಕ್ಕ ಬೇಡಿಕೆ ಸಲ್ಲಿಸುತ್ತಿದ್ದೇನೆ. ತಾವು ಅಷ್ಟೇ ಜೋರಾಗಿ ಇನ್ನೊಮ್ಮೆ ಕೂಗಿ, ಆ ಬಸ್ಸನ್ನು ನನ್ನನ್ನು ಇಳಿಸಿದ ಜಾಗಕ್ಕೆ ಹಿಂದಕ್ಕೆ ಕರೆಸಬೇಕು, ಕಿಟಕಿಯಾಚೆ ನೋಡಿದವರೆಲ್ಲ ಒಮ್ಮೆ ಒಳಗೆ ನೋಡುವಂತೆ ಮಾಡಬೇಕು. ನನ್ನ ತಂಗಿಯ ಗಂಟಲಿನಿಂದ ಹೋದ ದನಿಯನ್ನು, ತಮ್ಮಲ್ಲಿ ಬೇಕಾದಷ್ಟಿರುವುದರಿಂದ, ಸ್ವಲ್ಪ ಅವಳಿಗೆ ಕೊಡಿಸಬೇಕು.

ದೂರದಲ್ಲೇ ನಿಂತು ನಮಸ್ಕರಿಸುವ ತಮ್ಮ ವಿಶ್ವಾಸಿ,
ಆದಪ್ಪ

ತಾ.ಕ.: ದೀಪಾವಳಿಗೆ ನಾನು ತಂಗಿಯ ಮನೆಯಲ್ಲಿದ್ದಾಗ ಪಂಪಮ್ಮ ಹೋಳಿಗೆ ತಂದಿದ್ದಳು. ತಿಮ್ಮವ್ವ ತಟ್ಟೆ ತೆಗೆದುಕೊಂಡಳು, ಒಳಗೆ ಬಾ ಎನ್ನಲಿಲ್ಲ. ಇದಕ್ಕೇನು ಮದ್ದೆಂದು ತಾವು ಮುಂದಿನ ಸಲ ಬಂದಾಗ ಸಾರಿದರೆ, ಅಣ್ಣ ತಂಗಿ ಇಬ್ಬರೂ ಕೇಳಲು ಅವಳ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತೇವೆ.