ಚನ್ನಕೇಶವ ಮೇಷ್ಟ್ರ ಸದ್ದಿಲ್ಲದ ಕುಣಿತ

ಶಿಡ್ಲಘಟ್ಟದ ಬಯ್ಯಪ್ಪನ ರೇಷ್ಮೆಹುಳುಗಳಿಗೆ ಜ್ವರಕ್ಕೆ ಕೂರಲು ಬೇರೆ ದಿನವೇ ಸಿಕ್ಕಲಿಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತುಬಿಡುತ್ತದಲ್ಲ, ಅದನ್ನೇ ಆ ಸೀಮೆಯಲ್ಲಿ ಜ್ವರ ಎನ್ನುವುದು. ಆಗ ಬಯ್ಯಪ್ಪನ ಹುಳದ ಮನೆಯ ಹತ್ತಿರ ಯಾರೂ ಕೆಮ್ಮುವಂತೆಯೂ ಇರಲಿಲ್ಲ. ಅದರ ಗೋಡೆಗೆ ಅಂಟಿಕೊಂಡೇ ಶಾಲೆಯ ಹಜಾರ. ಆ ಹಜಾರದಲ್ಲಿ, ಅರವತ್ತಮೂರನೇ ಇಸವಿಯ ಆ ಭಾನುವಾರ, ತಮಟೆ ಬಾರಿಸಿಕೊಂಡು ಕುಣಿಯುವ ಏರ್ಪಾಡಾಗಿತ್ತು.

"ಮೇಷ್ಟ್ರೇ, ನಿಮ್ಗೆ ಕೈ ಮುಗೀತೀನಿ. ತಮಟೆ ಮೇಲೆ ಒಂದೇಟು ಬಿದ್ರೂ ನನ್ನ ಬೆಳೆ ಹೋಯ್ತು," ಎಂದು ಬಯ್ಯಪ್ಪ ಬೆಳಗ್ಗೆಯೇ ಮೇಷ್ಟ್ರ ಮನೆ ಬಾಗಿಲಿಗೆ ಬಂದು ನಿಂತ.

"ಇವತ್ತು ಮುನಿಶಾಮಪ್ಪನೋರು ನೋಡೋಕೆ ಬರ್ತಾರೆ ಕಣಯ್ಯ!"

"ಬರ್ಲಿ ಬಿಡಿ. ಸದ್ದಿಲ್ದೆ ಕುಣೀರಿ."

ಚನ್ನಕೇಶವ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. ರೇಷ್ಮೆ ಕಾರ್ಖಾನೆಯ ಧಣಿ ಮುನಿಶಾಮಪ್ಪನವರಿಗೆ ಒಬ್ಬಳೇ ಮಗಳಿದ್ದಳು, ವೆಂಕಟರತ್ನಮ್ಮ. ಒಂದು ದಿನ ಮಾತು ಬಿಟ್ಟವಳು, ಕಾಯಿಲೆ ಏನೆಂದು ಯಾರಿಗೂ ತಿಳಿಯುವ ಮೊದಲೇ ತೀರಿಕೊಂಡಳು. ಅವಳ ಹೆಸರಿನಲ್ಲಿ ತಂದೆ ಒಂದು ಸ್ಮಾರಕ ನಿಧಿ ಇಟ್ಟರು. ಬೆಂಗಳೂರಿನಿಂದ ಡಾಕ್ಟರ್ ಶ್ಯಾಮಲಮ್ಮ ಪ್ರತಿ ಭಾನುವಾರ ಬಂದು, ದುಃಖದಲ್ಲಿ ಕುಗ್ಗಿದವರನ್ನು ಶಾಲೆಯ ಹಜಾರದಲ್ಲಿ ಕುಣಿಸಿ ಸಂಶೋಧನೆ ಮಾಡುತ್ತಿದ್ದುದು ಆ ನಿಧಿಯ ಆಸರೆಯಲ್ಲೇ. ಮಾತು ಮುಟ್ಟದ ದುಃಖವನ್ನು ಕುಣಿತ ಮುಟ್ಟೀತೇ ಎಂಬುದು ಆಕೆಯ ಪ್ರಶ್ನೆ. ಇನ್ನೊಂದು ವರ್ಷ ನೆರವು ಕೊಡುವುದೋ ಬೇಡವೋ ಎಂಬುದನ್ನು ಮುನಿಶಾಮಪ್ಪನವರು ಈ ದಿನ ಕಣ್ಣಾರೆ ಕಂಡು ತೀರ್ಮಾನಿಸುವವರಿದ್ದರು.

ಮೇಷ್ಟ್ರಿಗೆ ಇದು ಊರ ಕೆಲಸವಲ್ಲ, ಮನೆಯ ಸಂಕಟ. ಹೋದ ವರ್ಷ ಅವರ ಹೆಂಡತಿ ವರಲಕ್ಷ್ಮಮ್ಮ ತೀರಿಕೊಂಡಾಗಿನಿಂದ ತಾಯಿ ಅಮ್ಮಾಜಮ್ಮ ನಡುಮನೆಯಲ್ಲಿ ಕೂತವರು ಎದ್ದಿರಲಿಲ್ಲ. "ಕಾಲು ಬರಲ್ಲ ಕಣಪ್ಪ" ಎಂಬುದೊಂದೇ ಮಾತು. ಮಗ ಹಜಾರಕ್ಕೆ ಕರೆದೊಯ್ಯುವ ಕುಣಿತದ ಭಾನುವಾರಗಳಲ್ಲಿ ಮಾತ್ರ ಮುದುಕಿ ಒಂದು ಮುದ್ದೆ ಪೂರ್ತಿ ಉಂಡು, ಪಕ್ಕದ ಮನೆಯ ಗಂಗುಲಮ್ಮನನ್ನು ಕರೆದು ಮಾತಾಡುತ್ತಿದ್ದರು. ನಿಧಿ ಕೈಬಿಟ್ಟರೆ ಭಾನುವಾರಗಳು ನಿಲ್ಲುತ್ತವೆ, ಆಮೇಲೆ ತಾಯಿಯೂ ತನಗೆ ದಕ್ಕುವುದಿಲ್ಲ ಎಂಬ ಭಯ ಮೇಷ್ಟ್ರನ್ನು ತಿನ್ನುತ್ತಿತ್ತು. ತಮ್ಮ ಬಗ್ಗೆ ಅವರಿಗೇನೂ ಚಿಂತೆ ಇರಲಿಲ್ಲ. ಹೆಂಡತಿಯ ತಿಥಿ ಮುಗಿದ ಮಾರನೇ ದಿನವೇ ಶಾಲೆಗೆ ಹೋಗಿ ಮಗ್ಗಿ ಹೇಳಿಸಿದ ಗಟ್ಟಿ ಆಸಾಮಿ!

ತಾಯಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ತಳ್ಳಿಕೊಂಡು ಹೊರಟರೆ, ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಚೈನು ಕಳಚಿತು. ಸುತ್ತ ಜನ ಸೇರಿದರು. ಚೈನಿಗೆ ಕೈ ಹಾಕಿದವರು ಒಬ್ಬರೂ ಇಲ್ಲ, ಅಮ್ಮನ ಕಾಲಿಗೆ ಔಷಧ ಹೇಳಿದವರು ಎಲ್ಲರೂ.

"ಹರಳೆಣ್ಣೆ ತಿಕ್ಕಿ ಮೇಷ್ಟ್ರೇ."

"ಅಲೀಪುರದಲ್ಲಿ ಒಬ್ರು ಹಕೀಮರವ್ರೆ, ಅಲ್ಲಿಗೆ ಕರ್ಕೊಂಡೋಗಿ."

ಕೈಯೆಲ್ಲ ಗ್ರೀಸು ಮಾಡಿಕೊಂಡು ಹಜಾರ ತಲುಪುವಷ್ಟರಲ್ಲಿ ಮುನಿಶಾಮಪ್ಪನವರು ಆಗಲೇ ಕುರ್ಚಿಯಲ್ಲಿ ಕೂತಿದ್ದರು. ಅವರು ಬರುತ್ತಾರೆಂದು ತಿಳಿದು ಉಳಿದ ರೋಗಿಗಳೆಲ್ಲ ನಾಪತ್ತೆ. ಡಾಕ್ಟರಮ್ಮ ಗೆಜ್ಜೆ ಬಿಚ್ಚಿಟ್ಟಿದ್ದರು. ತಮಟೆಯ ನಲ್ಲಪ್ಪ ಮೂಲೆಯಲ್ಲಿ ಕೂತು ತನ್ನ ತೊಡೆಯನ್ನೇ ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದ. ಕಿಟಕಿಯಲ್ಲಿ ಬಯ್ಯಪ್ಪ ಬಾಯಿಗೆ ಬೆರಳಿಟ್ಟುಕೊಂಡು ಕಾವಲು ನಿಂತಿದ್ದ, ಅವನ ಹಿಂದೆ ಗಂಗುಲಮ್ಮನ ಜೊತೆ ಅರ್ಧ ಬೀದಿ.

"ಏಳಮ್ಮ, ಸ್ವಲ್ಪ ಕೈಯಾದ್ರೂ ಆಡ್ಸು," ಎಂದು ಮೇಷ್ಟ್ರು ತಾಯಿಯ ಕಿವಿಯಲ್ಲಿ ಬೇಡಿಕೊಂಡರು.

"ಅಷ್ಟು ದೊಡ್ಡೋರ ಮುಂದೆ ನಾನು ಕುಣೀಲೇನೋ? ಮಾನ ಹೋಗ್ತದೆ. ಬೇಕಾದ್ರೆ ನೀನೇ ಕುಣಿ."

ಮುನಿಶಾಮಪ್ಪನವರು ಗಡಿಯಾರ ನೋಡಿಕೊಂಡರು. ಮಗ ಕುಣಿದರೆ ನೋಡಿ ತಾಯಿ ಏಳಬಹುದೆಂದು ಮೇಷ್ಟ್ರು ಪಂಚೆ ಎತ್ತಿಕಟ್ಟಿ ಹಜಾರದ ನಡುವೆ ನಿಂತರು. ಬರುತ್ತಿದ್ದುದು ಶಾಲೆಯ ಡ್ರಿಲ್ಲೊಂದೇ. ಕೈ ಮೇಲೆ, ಕೈ ಕೆಳಗೆ, ಎಗರು. ಎಗರಿದರೆ ಸದ್ದಾಗುತ್ತದೆಂದು ತುದಿಗಾಲಲ್ಲಿ ಇಳಿದರು. ಹಾಲು ಕದ್ದ ಬೆಕ್ಕಿನ ಹಾಗೆ ಕಾಣುತ್ತಿದ್ದರು.

"ಅಯ್ಯೋ ಪಾಪಂ, ಮೇಷ್ಟ್ರಿಗೇ ತಲೆ ಕೆಡ್ತು," ಎಂದಳು ಗಂಗುಲಮ್ಮ.

"ಶ್! ಹುಳ!" ಎಂದ ಬಯ್ಯಪ್ಪ. ಜನ ಸೆರಗು, ಟವಲು, ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡು ನಕ್ಕರು.

ಡಾಕ್ಟರಮ್ಮ ಹತ್ತಿರ ಬಂದು, "ಡ್ರಿಲ್ಲು ಬೇಡ ಮೇಷ್ಟ್ರೇ. ಮನೇಲಿ ಯಾರಾದ್ರೂ ಕೆಲಸ ಮಾಡ್ತಿದ್ದಿದ್ದು ನೆನಪಿದ್ರೆ ಅದನ್ನೇ ಮಾಡಿ," ಎಂದರು. ಆಕೆ ಎಂದೂ ಹೀಗೆಯೇ. ಅಮ್ಮನ ಕಾಲಿಗಿಂತ ಮೇಷ್ಟ್ರ ಮುಖವನ್ನೇ ಹೆಚ್ಚು ನೋಡುತ್ತಿದ್ದರು.

ತಾಯಿಗೆ ಗುರುತು ಸಿಗುವಂಥದ್ದು ಏನಾದರೂ ಬೇಕಲ್ಲ ಎಂದು ಮೇಷ್ಟ್ರು ಯೋಚಿಸಿದರು. ಹೆಂಡತಿ ನೂಲು ಬಿಡುವಷ್ಟು ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದುದು ನೆನಪಾಯಿತು. ಬಗ್ಗಿದರು. ಏನೂ ಇಲ್ಲದ ಕಡೆಯಿಂದ ಒಂದು ಹುಳವನ್ನು ಎರಡು ಬೆರಳಲ್ಲಿ ಎತ್ತಿದರು. ಹಣ್ಣಾಗಿದೆಯೇ ಎಂದು ಬೆಳಕಿಗೆ ಹಿಡಿದರು, ಅವಳ ಹಾಗೆಯೇ ಒಂದು ಕಣ್ಣು ಮುಚ್ಚಿ. ಮೆಲ್ಲಗೆ ಬಿಟ್ಟರು. ಮತ್ತೆ ಬಗ್ಗಿದರು, ಎತ್ತಿದರು, ತಿರುಗಿದರು. ನಲ್ಲಪ್ಪನ ತೊಡೆಯ ತಾಳ ಅವರ ನಡೆಗೆ ಸೇರಿಕೊಂಡಿತು. ಕಿಟಕಿಯಲ್ಲಿ ನಗು ನಿಂತಿತ್ತು. ಇನ್ನೊಂದು ಸಲ ಕೈಯನ್ನು ಬೆಳಕಿಗೆ ಹಿಡಿದವರು ಇಳಿಸಲೇ ಇಲ್ಲ. ವರಲಕ್ಷ್ಮಿ ಇನ್ನು ಬರುವುದಿಲ್ಲ ಎಂಬುದು ಆಗ ಅವರಿಗೆ ತಿಳಿಯಿತು. ಮೇಷ್ಟ್ರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಅದನ್ನು ನೋಡಿ ಬಯ್ಯಪ್ಪ ಹುಳಗಳನ್ನೂ ಮರೆತು ಗೊಳೋ ಎಂದ. ಆ ದಿನ ಅಲ್ಲಿ ಎದ್ದ ಎಲ್ಲಕ್ಕಿಂತ ದೊಡ್ಡ ಸದ್ದು ಅದೇ.

ಅಮ್ಮಾಜಮ್ಮ ದಡಕ್ಕನೆ ಎದ್ದು, ಹಜಾರವನ್ನು ಸರಸರನೆ ದಾಟಿ ಬಂದು ಮಗನನ್ನು ತಬ್ಬಿಕೊಂಡರು.

"ಕಾಲು ಬಂತು! ನೋಡಿ ಸ್ವಾಮಿ, ಅಮ್ಮಂಗೆ ಕಾಲು ಬಂತು!" ಮೇಷ್ಟ್ರು ಅಳುತ್ತಲೇ ಕೂಗಿದರು.

"ನನ್ನ ಕಾಲಿಗೆ ಏನಾಗಿತ್ತೋ? ಮಣ್ಣು!" ಎಂದರು ಅಮ್ಮಾಜಮ್ಮ, ಮಗನ ಕಣ್ಣೊರೆಸುತ್ತ. "ಹೆಂಡ್ತಿ ಹೋದ್ರೂ ನಿನ್ನ ಕಣ್ಣಲ್ಲಿ ಒಂದು ತೊಟ್ಟು ನೀರು ಬರ್ಲಿಲ್ಲ. ಬಂಡೆ ಹಂಗೆ ಓಡಾಡ್ತಿದ್ದೆ. ನಿನ್ನ ಕರೆದಿದ್ರೆ ಬರ್ತಿದ್ಯಾ? ಅದ್ಕೇ ನಾನೇ ನಿನಗೆ ಕಾಣದಂಗೆ ಡಾಕ್ಟರಮ್ಮನ ಹತ್ರ ನಡ್ಕೊಂಡೋಗಿ, 'ಹೆಸರಿಗೆ ನಾನು ರೋಗಿ, ನೀವು ನನ್ನ ಮಗನ್ನ ನೋಡಿ' ಅಂದೆ. ಭಾನುವಾರ ನಿನ್ನ ಮುಖದಲ್ಲಿ ಒಂಚೂರು ಕಳೆ ಬರ್ತಿತ್ತು ಕಣಪ್ಪ. ಅವತ್ತು ನನಗೂ ಮುದ್ದೆ ಇಳೀತಿತ್ತು."

ಡಾಕ್ಟರಮ್ಮ ತಪ್ಪೊಪ್ಪಿಕೊಂಡವರಂತೆ ನಕ್ಕರು. ಮುನಿಶಾಮಪ್ಪನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನನ್ನ ಮಗಳಿಗೋಸ್ಕರ ನಾವು ಯಾರೂ ಹಿಂಗೆ ಮಾಡ್ಲಿಲ್ಲವಲ್ಲಮ್ಮ," ಎಂದರು.

ಮೇಷ್ಟ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ವರ್ಷವಾದ ಮೇಲೆ ಮೊದಲ ಸಲ ಬಾಯ್ತುಂಬ ನಕ್ಕು, ಪಂಚೆ ಇಳಿಬಿಟ್ಟರು. "ಹಂಗಾದ್ರೆ ನಾನು ವಾಸಿ ಆದೆ ಅನ್ನಿ! ನಡಿಯಮ್ಮ, ಮನೆಗೆ ಹೋಗಣ."

"ಎಲ್ಲಿಗೆ ಹೊರಟ್ರಿ?" ಮುನಿಶಾಮಪ್ಪನವರು ಕನ್ನಡಕ ಏರಿಸಿಕೊಂಡರು. "ಡಾಕ್ಟರಮ್ಮ, ಇನ್ನೊಂದು ವರ್ಷ ನಿಧಿ ನಿಮ್ಮ ಜೊತೆ ಇರ್ತದೆ. ಆದ್ರೆ ನಾನು ಕಣ್ಣಾರೆ ಕಂಡ ರೋಗಿ ಇವರೊಬ್ರೇ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲಾ ಕಡೇನೂ ಇವರೇ ಬಂದು ಜನದ ಮುಂದೆ ಕುಣೀಬೇಕು. ಅಲ್ಲೀತಂಕ ಮೇಷ್ಟ್ರು ವಾಸಿ ಆಗೋ ಹಂಗಿಲ್ಲ."

ಮೇಷ್ಟ್ರು ದಿಕ್ಕುತೋಚದೆ ತಾಯಿಯ ಮುಖ ನೋಡಿದರು. ಅಮ್ಮಾಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಧಣಿಗಳಿಗೆ ಕೈಮುಗಿದರು.

"ಆಗ್ಲಿ ಸ್ವಾಮಿ. ಇವನು ಹುಷಾರಾಗದಂಗೆ ನಾನು ನೋಡ್ಕೋತೀನಿ."