ವಾರಗಿತ್ತಿಗೆ ಮೊದಲ ಉಡಿ

ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ, ಫೋನು ಬಂತು. ಅತ್ತೆಯವರು ನಡೆಸುತ್ತಿದ್ದ ಗೌರಿಪೂಜೆ ಈ ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಮುತ್ತೈದೆಯರನ್ನು ಊಟಕ್ಕೆ ಕರೆದಿದ್ದೆ. ಫೋನಿನಲ್ಲಿ ಪುಣೆಯಲ್ಲೇ ಮಗರಪಟ್ಟಾದಲ್ಲಿರುವ ನನ್ನ ಗಂಡನ ಅಕ್ಕ.

"ಆಕಿನ್ನ ಮುತ್ತೈದೇರ ಸಾಲಿನ್ಯಾಗ ಕೂಡಸಬ್ಯಾಡ. ಉಳದವ್ರು ಎದ್ದು ಹೋಗ್ತಾರ."

ಆಕಿ ಎಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅವಳಷ್ಟು ಶಾಣ್ಯಾ ಹೆಂಗಸು ಪುಣೆಯಲ್ಲೇ ಇಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ಅವಳೂ ನಗುತ್ತಾಳೆ. ಮನಸ್ಸಿನ ಕಾಯಿಲೆ ಜೋರಾಗಿದ್ದಾಗ ಒಮ್ಮೆ ಬಾಲ್ಕನಿಯ ಕುಂಡಗಳನ್ನೆಲ್ಲ ಲಿಫ್ಟಿನಲ್ಲಿ ಜೋಡಿಸಿ, "ಪಾಪ, ಇವೂ ಮ್ಯಾಲಿನ ಮನಿ ನೋಡಿ ಬರ್ಲಿ" ಎಂದು ಗುಂಡಿ ಒತ್ತಿದ್ದಳು. ಸೊಸೈಟಿಯವರು ಸಭೆ ಕರೆದರು. ಕರಿಬೇವಿನ ಕುಂಡ ಪೂರ್ತಿ ಬೋಳಾಗಿ ವಾಪಸು ಬಂದಿತ್ತಲ್ಲ, ಆ ವಿಷಯ ಮಾತ್ರ ಸಭೆಯಲ್ಲಿ ಯಾರೂ ಎತ್ತಲಿಲ್ಲ!

ಈಗ ಗುಳಿಗೆ ತಪ್ಪಿಸುವುದಿಲ್ಲ. ದೇವರಿಗೆ ತೋರಿಸಿಯೇ ನುಂಗುತ್ತಾಳೆ. "ಗುಳಿಗಿ ನೈವೇದ್ಯ ಏನವಾ?" ಎಂದರೆ, "ನಮ್ಮನ್ನೆಲ್ಲ ನೋಡ್ಕೋಬೇಕಲ್ರಿ ವೈನಿ, ಅವನ ತಲೀನೂ ನೆಟ್ಟಗಿರ್ಲಿ." ನನ್ನ ದೇವರಿಗೇನೂ ಸಿಟ್ಟು ಬಂದಂತಿಲ್ಲ.

ಬಂಧುಗಳ ಬಾಯಲ್ಲಿ ಮಾತ್ರ ಆ ಕಾಯಿಲೆಗೆ ಹೆಸರಿಲ್ಲ. 'ಹೊರಗಿಂದು' ಎನ್ನುತ್ತಾರೆ, 'ಹಂಗ' ಎನ್ನುತ್ತಾರೆ, ಹಣೆಯ ಹತ್ತಿರ ಬೆರಳು ತಿರುಗಿಸುತ್ತಾರೆ. ಸಿಕ್ಕಸಿಕ್ಕವರಿಗೆ ತಮ್ಮ ಬಿಪಿ ವರದಿ ಒಪ್ಪಿಸುವವರಿಗೆ ಇದೊಂದಕ್ಕೆ ಯಾಕೆ ನಾಲಿಗೆ ಹೊರಳದು? ಕಾಯಿಲೆ ಬಂದಾಗಿನಿಂದ ಯಾವ ಮನೆಯವರೂ ಅವಳನ್ನು ಮುತ್ತೈದೆಯೆಂದು ಕೂರಿಸಿ ಉಡಿ ತುಂಬಿಲ್ಲ.

"ಅಕ್ಕಾರ, ನಿಮಗ ಶುಗರ್ ಅದ. ನಿಮ್ಮನ್ನ ಸಾಲಿನ್ಯಾಗಿಂದ ಎಬ್ಬಸ್ಯೇವೇನು?" ಎಂದೆ ಫೋನಿನಲ್ಲಿ.

"ಅದು ಬ್ಯಾರೆ."

"ಹೌದ್ರಿ, ಬ್ಯಾರೆ. ಆಕಿ ಗುಳಿಗಿ ತಗೋತಾಳ, ನೀವು ಹೋಳಿಗಿ ತಗೋತೀರಿ."

"ಮಂದಿ ಎದ್ದು ಹೋದ್ರ?"

"ಹೋಗ್ಲಿ. ಹೋಳಿಗಿ ಉಳೀತಾವ."

ಹೇಳಿದೆನೇ ಹೊರತು, ಬಡಿಸುವಾಗ ಯಾರು ಏಳುತ್ತಾರೋ ಎಂದು ಸಾಲನ್ನೇ ನೋಡುತ್ತಿದ್ದೆ. ವಾರಗಿತ್ತಿಯನ್ನು ಸಾಲಿನ ಮೊದಲಿಗೇ ಕೂರಿಸಿದ್ದೆ. ಪಕ್ಕದ ಎಲೆಯವರು ಮೊಣಕಾಲು ನೋವೆಂದು ಎದ್ದು ಕುರ್ಚಿ ಹುಡುಕಿದರು. ಉಳಿದವರು ಅಲುಗಲಿಲ್ಲ. ನನ್ನ ಗೌರಿ ದೊಡ್ಡವಳು. ಅಕ್ಕಾರೂ ಬಂದರು, ಸಾಲಿನ ಕೊನೆಗೆ ಕೂತರು, ಹೋಳಿಗೆ ಮಾತ್ರ ಬಿಡಲಿಲ್ಲ.

ಊಟವಾದ ಮೇಲೆ ಗೌರಿಯ ಮುಂದೆ ಕೂರಿಸಿ ಎಲ್ಲರಿಗೂ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ ಮೊದಲು ಬಿದ್ದದ್ದು ವಾರಗಿತ್ತಿಯ ಸೆರಗಿಗೆ. ಎಲ್ಲರೂ ಮನೆಗೆ ಹೋದರೂ ಅವಳು ಏಳಲಿಲ್ಲ.

"ಯಾಕವಾ, ಕಾಲು ಜುಮ್ ಅಂತಾವೇನು?"

"ಇಲ್ರಿ ವೈನಿ. ಭಾರ ಅದ." ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಇನ್ನೊಂಚೂರು ಕೂಡ್ತೀನಿ."

ಅವಳು ಕೂತ ಜಾಗವನ್ನು ಬಿಟ್ಟು ನೆಲ ಒರೆಸತೊಡಗಿದೆ.